ಕಾಣಿಸದ ಪಾಸ್‌ವರ್ಡ್

ಸಹೋದರಿಯರೇ, ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಕಲಿಯುವ ಮಗಳಿದ್ದರೆ ಈ ತಿಂಗಳ ಮಾತು ನಿಮಗಾಗಿ. ಇಲ್ಲದಿದ್ದರೂ ಓದಿರಿ, ಪಕ್ಕದ ಮನೆಯಲ್ಲಿ ಇರಬಹುದು.

ವಾಡಿಯಿಂದ ಒಬ್ಬ ತಾಯಿ ಫೋನ್ ಮಾಡಿದ್ದರು. ಅವರ ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಶಹಾಬಾದಿನಲ್ಲಿ ಓದುವಾಗ ಸಿ ಪ್ರೋಗ್ರಾಮಿಂಗ್‌ನಲ್ಲಿ ತರಗತಿಗೇ ಮೊದಲಿಗಳು. ಈಗ ದಿನಾ ರೈಲು ಹತ್ತಿ ಕಲಬುರಗಿಯ ಕಾಲೇಜಿಗೆ ಹೋಗುತ್ತಾಳೆ.

"ಆಪಾ, ತಿಂಗಳಾಯ್ತು, ಹುಡುಗಿ ಸರಿಯಾಗಿ ಊಟಾ ಮಾಡವಲ್ಳು. ನನಗ ಏನೂ ಬರಲ್ಲ ಅಂತಾಳ. ಬರದಿದ್ರ ಬಿಡಸು, ಸೇಡಂನಿಂದ ಸಂಬಂಧ ಬಂದದ ಅಂತ ಇವಳ ಅಬ್ಬಾ ಅನ್ಲಾಕತ್ತಾರ."

ಮದ್ರಸಾ ಮುಗಿಸಿ ಬಿ.ಎ. ಮಾಡಿದ ನಾನು ಕಂಪ್ಯೂಟರ್ ಪಂಡಿತಳಲ್ಲ. ಆದರೂ ಭಾನುವಾರ ಚಿತ್ತಾಪುರದಿಂದ ರೈಲು ಹತ್ತಿ ಹೋಗಿ ಅವಳ ಪಕ್ಕದಲ್ಲಿ ಕುಳಿತೆ. "ನಿನಗೆ ಬರದಿರುವುದು ಯಾವುದು, ತೋರಿಸು" ಎಂದೆ.

ಅವಳು ಮೊದಲು ಕಲಿತದ್ದು ಟರ್ಬೊ ಸಿ ಯಲ್ಲಿ. ಬೋರ್‌ಲ್ಯಾಂಡ್ ಎಂಬ ಅಮೆರಿಕದ ಕಂಪೆನಿ 1987ರಲ್ಲಿ ಹೊರತಂದ ಸಾಧನವದು. ನೀಲಿ ಪರದೆ, ಬರೆಯಲು, ತಪ್ಪು ಹುಡುಕಲು, ಓಡಿಸಲು ಎಲ್ಲಕ್ಕೂ ಅದೊಂದೇ. ಅದೆಷ್ಟು ಹಳೆಯದೆಂದರೆ ಈಗಿನ 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದೇ ಇಲ್ಲ, ಡಾಸ್‌ಬಾಕ್ಸ್ ಎಂಬ ಇನ್ನೊಂದು ತಂತ್ರಾಂಶದೊಳಗೆ ಇಟ್ಟು ಓಡಿಸಬೇಕು. ನಮ್ಮ ಅನೇಕ ಕಾಲೇಜುಗಳು ಮಾತ್ರ ಅದನ್ನು ಬಹುಕಾಲ ಬಿಡಲಿಲ್ಲ!

ಹೊಸ ಕಾಲೇಜಿನಲ್ಲಿರುವುದು ಲಿನಕ್ಸ್. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ್ದು, ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ಇಲ್ಲಿ ಬರೆಯುವುದು ಒಂದು ಕಡೆ; ಆಮೇಲೆ ಟರ್ಮಿನಲ್ ಎಂಬ ಪರದೆಗೆ ಹೋಗಿ, ಜಿಸಿಸಿ ಎಂದು ಕೈಯಾರೆ ಟೈಪು ಮಾಡಿ ಆದೇಶ ಕೊಡಬೇಕು. ಮೊದಲ ದಿನವೇ ಅವಳ ಪ್ರೋಗ್ರಾಮಿಗೆ ಸಾಲುಸಾಲು ತಪ್ಪು ತೋರಿಸಿತಂತೆ. ನೂರು ಸಲ ಬರೆದ ಪ್ರೋಗ್ರಾಮು! ಕಾರಣವೇನು ಗೊತ್ತೇ? ಅವಳು ಅಭ್ಯಾಸಬಲದಿಂದ ಮೊದಲಿಗೇ ಸೇರಿಸುತ್ತಿದ್ದ ಕೋನಿಯೊ ಎಂಬ ಕಡತ, ಪರದೆ ಒರೆಸುವ ಆದೇಶ, ಕೊನೆಯಲ್ಲಿ ಕೀಲಿ ಒತ್ತುವವರೆಗೆ ಕಾಯುವ ಆದೇಶ, ಇವು ಸಿ ಭಾಷೆಯ ಪ್ರಮಾಣಿತ ಭಾಗವೇ ಅಲ್ಲ. ಡಾಸ್ ಕಾಲದ ಸಾಧನಗಳು ತಾವಾಗಿ ಸೇರಿಸಿಕೊಟ್ಟವು. ಆ ಮೂರು ಸಾಲು ತೆಗೆದರೆ ಉಳಿದದ್ದೆಲ್ಲ ಅವಳು ಕಲಿತಂತೆಯೇ ಓಡುತ್ತದೆ. ಮೊದಲ ದಿನ ಹತ್ತು ನಿಮಿಷ ಯಾರಾದರೂ ಇದನ್ನು ಹೇಳಿದ್ದರೆ ಒಂದು ತಿಂಗಳ ಕಣ್ಣೀರು ಉಳಿಯುತ್ತಿತ್ತು.

ಇನ್ನೂ ಇವೆ. ನಕಲು ಮಾಡಲೆಂದು ಕಂಟ್ರೋಲ್ ಮತ್ತು ಸಿ ಒತ್ತಿದಳು; ಓಡುತ್ತಿದ್ದ ಪ್ರೋಗ್ರಾಮೇ ನಿಂತುಹೋಯಿತು. ಟರ್ಮಿನಲ್‌ನಲ್ಲಿ ನಕಲಿಗೆ ಶಿಫ್ಟ್ ಕೀಲಿಯೂ ಜೊತೆಗೆ ಬೇಕು. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆಯೆಂದೇ ಲೆಕ್ಕ. ಮನೆಯ ಹಳೆಯ ಲ್ಯಾಪ್‌ಟಾಪಿಗೂ ಅಣ್ಣ ಲಿನಕ್ಸ್ ಹಾಕಿಕೊಟ್ಟಿದ್ದ. ಜಿಸಿಸಿ ಸೇರಿಸಲು ಹೋದಾಗ ಪಾಸ್‌ವರ್ಡ್ ಕೇಳಿತು. ಟೈಪು ಮಾಡಿದರೆ ಅಕ್ಷರವಿರಲಿ, ಒಂದು ಚುಕ್ಕಿಯೂ ಮೂಡಲಿಲ್ಲ. ಕೀಲಿಮಣೆ ಕೆಟ್ಟಿತೆಂದು ಹೆದರಿ ಮುಚ್ಚಿಟ್ಟವಳು ಎಂಟು ದಿನ ತೆರೆಯಲಿಲ್ಲ. ಅಲ್ಲಿ ಕಾಣಿಸದಿರುವುದೇ ಪದ್ಧತಿ. ಪಕ್ಕದವರಿಗೆ ಎಷ್ಟು ಅಕ್ಷರವೆಂದೂ ತಿಳಿಯಬಾರದು ಎಂದು. ಕಾಣದಿದ್ದರೂ ಟೈಪು ಮಾಡಿ ಎಂಟರ್ ಒತ್ತಿದರೆ ಆಯಿತು.

ಕೇರಳದ ಸರಕಾರಿ ಶಾಲೆಗಳಲ್ಲಿ, ಕಾಸರಗೋಡಿನ ಕನ್ನಡ ಮಾಧ್ಯಮದಲ್ಲೂ, ಮಕ್ಕಳು ಕಲಿಯುವುದೇ ಲಿನಕ್ಸ್‌ನಲ್ಲಿ. ಆ ಮಕ್ಕಳನ್ನು ವಿಂಡೋಸ್ ಮುಂದೆ ಕೂರಿಸಿದರೆ ಅವರೂ ತಡವರಿಸಿಯಾರು. ನನ್ನದನ್ನೇ ಹೇಳುತ್ತೇನೆ, ನಗಬೇಡಿ: ಉರ್ದುವಿನಲ್ಲಿ ಓದಿದ ನಾನು ಬಿ.ಎ.ಗೆ ಕನ್ನಡ ಟಿಪ್ಪಣಿ ಬರೆಯಲು ಕುಳಿತಾಗ ನೋಟುಪುಸ್ತಕವನ್ನು ಹಿಂದಿನಿಂದ ತೆರೆದಿದ್ದೆ.

ತಾಯಿಗೆ ನಾನು ಹೇಳಿದ್ದು ಇಷ್ಟೇ. ಸಂಜೆ ಎರಡು ತಾಸು ಅವಳನ್ನು ರೊಟ್ಟಿಗೆ, ಪಾತ್ರೆಗೆ ಕರೆಯಬೇಡಿ. "ಬಂತಾ?" ಎಂದು ಪದೇ ಪದೇ ಕೇಳಬೇಡಿ. ಹುಡುಗಿಗೆ, ಹೊಸ ಆದೇಶಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೋ ಎಂದೆ.

ಅವಳ ಅಬ್ಬಾ ಕಲ್ಲಿನ ಪಾಲಿಶ್ ಕೆಲಸದವರು. ಬಾಗಿಲಲ್ಲೇ ನಿಂತು ಕೇಳುತ್ತಿದ್ದವರು, "ಅಂದ್ರ ಮಷಿನ್ ಬದಲಾಗ್ಯದ, ಅಷ್ಟೇ ಏನ್ರಿ?" ಎಂದರು. ಹೌದೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಸಾ ಮಷಿನ್ ಬಂದಾಗ ನನ್ನ ಕೈಯಾಗೂ ಮೂರು ಫರ್ಸಿ ಒಡದಿದ್ವು" ಎಂದರು.

ಸೇಡಂನವರಿಗೆ ಏನು ಹೇಳಿದರೋ ನಾನು ಕೇಳಲಿಲ್ಲ. ನಾನು ಹೊರಟಾಗ ಹುಡುಗಿ ಲ್ಯಾಪ್‌ಟಾಪಿನಿಂದ ತಲೆ ಎತ್ತದೆಯೇ "ಖುದಾ ಹಾಫಿಜ್, ಆಪಾ" ಎಂದಳು.