ಅದು ಪಿತ್ತ ಅಲ್ಲ ಕಣ್ರವ್ವಾ

ಆಷಾಢ ಬಂತು ಅಂದ್ರೆ ಹುಣಸೂರು, ಪಿರಿಯಾಪಟ್ಟಣದ ಕಡೆ ಹೆಂಗಸರಿಗೆಲ್ಲ ಒಟ್ಟೊಟ್ಟಿಗೇ ಪಿತ್ತ ಕೆದರುತ್ತೆ. ಬೆಳಿಗ್ಗೆ ಗಟ್ಟಿಮುಟ್ಟಾಗಿ ಹೊಲಕ್ಕೆ ಹೋದೋಳು ಸಂಜೆ ಹೊತ್ಗೆ ತಲೆ ಹಿಡ್ಕೊಂಡು ಜಗಲಿ ಮೇಲೆ ಕೂತಿರ್ತಾಳೆ. ತಲೆಸುತ್ತು, ಹೊಟ್ಟೆ ತೊಳಸು, ವಾಂತಿ, ಮುದ್ದೆ ಮುಂದಿಟ್ರೆ ಓಕರಿಕೆ. ಅತ್ತೆ "ಪಿತ್ತ, ಶುಂಠಿ ಕಷಾಯ ಕುಡಿ" ಅಂತಾರೆ. ಗಂಡ "ಬಿಸಿಲು ಹೊಡೆದಿರ್ಬೇಕು" ಅಂತಾನೆ. ಆಷಾಢದ ಜಿಟಿಜಿಟಿ ಮಳೇಲಿ ಬಿಸಿಲು ಎಲ್ಲಿಂದ ಬಂತೋ ಆ ಮಹರಾಯನಿಗೇ ಗೊತ್ತು!

ಅದು ಪಿತ್ತ ಅಲ್ಲ ಕಣ್ರವ್ವಾ. ಹಸಿ ಹೊಗೆಸೊಪ್ಪಿನಲ್ಲಿರೋ ನಿಕೋಟಿನ್ ಚರ್ಮದ ಮೂಲಕ ಮೈಗಿಳಿದು ಮಾಡೋ ಕೆಲಸ. ಹಸಿ ಹೊಗೆಸೊಪ್ಪಿನ ಕಾಯಿಲೆ ಅಂತ ಅದಕ್ಕೆ ಹೆಸರೇ ಇದೆ. 1970ರಲ್ಲೇ ಅಮೆರಿಕದ ಫ್ಲಾರಿಡಾದಲ್ಲಿ ಸೊಪ್ಪು ಮುರಿಯೋ ಕೂಲಿಗಳಲ್ಲಿ ಇದನ್ನ ಗುರುತಿಸಿ ಡಾಕ್ಟರುಗಳು ಬರೆದಿಟ್ಟಿದ್ದಾರೆ. ನಿಕೋಟಿನ್ ನೀರಲ್ಲಿ ಕರಗುತ್ತೆ. ಹಾಗಾಗಿ ಇಬ್ಬನಿ, ಮಳೆ ಬಿದ್ದ ಎಲೇನ ಕಂಕುಳಲ್ಲಿ ಒತ್ತಿ ಹಿಡ್ಕೊಂಡು ಸಾಲು ಸಾಲು ನಡೆದ್ರೆ ರವಿಕೆ, ಸೀರೆ ನೆನೆದು ಆ ನೀರು ದಿನವಿಡೀ ಮೈಗಂಟಿಕೊಂಡಿರುತ್ತೆ. ಇನ್ನೊಂದು ಅನ್ಯಾಯ ನೋಡಿ: ಬೀಡಿ ಸೇದೋ ಗಂಡಸಿನ ಮೈ ಅದಕ್ಕೆ ಒಂದಿಷ್ಟು ಒಗ್ಗಿರುತ್ತೆ. ಜನ್ಮದಲ್ಲಿ ಬೀಡಿ ಮುಟ್ಟದೋಳಿಗೇ ಹೊಡೆತ ಜಾಸ್ತಿ.

ನಮ್ಮ ನಾಲ್ಕು ತಾಲ್ಲೂಕಲ್ಲಿ ಈ ಬೆಳೆ ಯಾರ ಕೈ ಮೇಲೆ ನಿಂತಿದೆ ಅಂತ ಒಂದ್ಸಲ ಎಣಿಸಿ. ಸಸಿ ಮಡಿಗೆ ನೀರು ಹಾಕೋದು ನಾವು, ನೆಡೋದು ನಾವು, ಕುಡಿ ಮುರಿಯೋದು ನಾವು. ಬುಡದ ಎಲೆ ಮೊದಲು, ವಾರ ಬಿಟ್ಟು ಅದರ ಮೇಲಿನದು, ಹೀಗೆ ಒಂದೇ ಗಿಡಕ್ಕೆ ಎಷ್ಟು ಸಲ ಬಗ್ತೀವಿ! ಆಮೇಲೆ ಕೂತು ಕಡ್ಡಿಗೆ ಕಟ್ಟೋದು. ಬ್ಯಾರನ್‌ಗೆ ಏರಿಸಿ ಐದಾರು ದಿನ ಸೌದೆ ಒಟ್ಟಿ ಬೇಯಿಸೋವಾಗ ಗಂಡಸರು ರಾತ್ರಿ ಕಾಯ್ತಾರೆ, ಇಲ್ಲ ಅನ್ನಲ್ಲ. ಆದ್ರೆ ಇಳಿಸಿದ ಸೊಪ್ಪನ್ನ ಬಣ್ಣ ನೋಡಿ ಗ್ರೇಡ್ ಮಾಡೋಕೆ ದೂಳಲ್ಲಿ ಕೂರೋದು ಮತ್ತೆ ನಾವೇ. ಕೋಟೆ ಕಡೆ ಹಾಡಿಗಳಿಂದ ಕೂಲಿಗೆ ಬರೋ ಹೆಣ್ಣುಮಕ್ಕಳ ಪಾಡು ಇನ್ನೂ ಕಡೆ. ಕೈಗಂಟಿದ ಕರೀ ಅಂಟು ಸೋಪಿಗೂ ಬಿಡಲ್ಲ, ಹುಣಸೆಹಣ್ಣಿಗೂ ಬಿಡಲ್ಲ. ಅದೇ ಕೈಲಿ ಮುದ್ದೆ ಮುರಿದ್ರೆ ಬಾಯೆಲ್ಲ ಕಹಿ. ಅದೇ ಕೈಲಿ ಕೂಸಿಗೆ ಹಾಲೂ ಕೊಡ್ತೀವಿ. ನಿಕೋಟಿನ್ ಎದೆಹಾಲಿಗೂ ಇಳಿಯುತ್ತೆ, ಬಸುರಿಯಿಂದ ಹೊಟ್ಟೇಲಿರೋ ಮಗುವಿಗೂ ದಾಟುತ್ತೆ. ಮೊದಲೇ ನಮ್ಮಲ್ಲಿ ರಕ್ತ ಎಲ್ಲಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ.

ಇನ್ನು ಸರ್ಕಾರದ ಕಡೆ ಬರೋಣ. 2016ರಿಂದ ಸಿಗರೇಟು ಪ್ಯಾಕಿನ ನೂರಕ್ಕೆ 85 ಭಾಗದಲ್ಲಿ ಎಚ್ಚರಿಕೆ ಚಿತ್ರ ಇರಬೇಕು ಅಂತ ಕಾನೂನು ಜಾರಿಯಲ್ಲಿದೆ. ಒಳ್ಳೇದೇ. ಸೇದೋನಿಗೆ ಎಚ್ಚರಿಕೆ ಸಿಕ್ತು. ಆ ಸೊಪ್ಪು ಮುರಿದೋಳಿಗೆ ಯಾರು ಎಚ್ಚರಿಕೆ ಕೊಟ್ಟರು? ಬೀಡಿ ಕಟ್ಟೋ ಹೆಂಗಸರಿಗೆ 1976ರಲ್ಲೇ ಕಲ್ಯಾಣ ನಿಧಿಯ ಕಾಯ್ದೆ ಬಂತು, ಮೈಸೂರಲ್ಲಿ ಅವರಿಗಂತ ಆಸ್ಪತ್ರೇನೂ ಆಯ್ತು. ಸಾಲದು ಅಂತ ಅವರು ಹೇಳ್ತಾರೆ, ಅದೂ ನಿಜಾನೇ. ಆದ್ರೆ ಹೆಸರಾದ್ರೂ ಕಾಗದದ ಮೇಲೆ ಬಂತಲ್ಲ. ತಂಬಾಕು ಮಂಡಳೀನೂ ಅದೇ ವರ್ಷ ಶುರುವಾಗಿದ್ದು. ಅಲ್ಲಿ ಲೈಸೆನ್ಸ್ ಇದೆ, ಬ್ಯಾರನ್ ಲೆಕ್ಕ ಇದೆ, ಇಷ್ಟೇ ಕೆಜಿ ಬೆಳೀಬೇಕು ಅನ್ನೋ ಕಟ್ಟು ಇದೆ, ಗೊಬ್ಬರದ ವ್ಯವಸ್ಥೆ ಇದೆ. ಲೈಸೆನ್ಸ್ ಯಾರ ಹೆಸರಲ್ಲಿದೆ, ಮನೆಗೆ ಹೋಗಿ ತೆಗೆದು ನೋಡಿ. ಬಹುಪಾಲು ಗಂಡಂದೋ ಮಾವಂದೋ. ಮುರಿದೋಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ, ಕೂಲಿಯವಳ ಹೆಸರಂತೂ ಕೇಳಲೇಬೇಡಿ. ಇಂಡಿಯಾ 2004ರಲ್ಲಿ ಒಪ್ಪಿಕೊಂಡ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಪ್ಪಂದದ 18ನೇ ವಿಧಿ, ಬೆಳೆಯೋ ಜಾಗದ ಪರಿಸರ ಮತ್ತೆ ಜನರ ಆರೋಗ್ಯ ಎರಡನ್ನೂ ನೋಡ್ಕೊಬೇಕು ಅನ್ನುತ್ತೆ. ಸಹಿ ಅಲ್ಲೇ ಇದೆ. ಕೈಗವಸು ಕಟ್ಟೆಮಳಲವಾಡಿಗೂ ಬರಲಿಲ್ಲ, ಕಂಪಲಾಪುರಕ್ಕೂ ಬರಲಿಲ್ಲ.

"ಹೊಗೆಸೊಪ್ಪಿಂದಲೇ ತಾರಸಿ ಮನೆ ಆಯ್ತು, ಮಗಳ ಕಾಲೇಜು ಫೀಸು ಆಯ್ತು, ಈಗ ಅದನ್ನೇ ಬೈತೀಯಾ?" ಅಂತ ನಮ್ಮ ದೊಡ್ಡವ್ವನೇ ಕೇಳ್ತಾರೆ. ಬೆಳೆ ಕಿತ್ತು ಬಿಸಾಕಿ ಅಂತ ನಾನು ಹೇಳ್ತಿಲ್ಲ ದೊಡ್ಡವ್ವ. ಜೋಳ, ರಾಗಿಗೆ ಆ ದುಡ್ಡು ಹುಟ್ಟೋವರೆಗೆ ಯಾರೂ ಬಿಡಲ್ಲ, ಅದು ಬೇರೆ ಜಗಳ, ಇನ್ನೊಂದಿನ ಆಡೋಣ. ಕೆಜಿಗೆ ಹತ್ತು ರೂಪಾಯಿ ಕಮ್ಮಿ ಆದ್ರೆ ಹರಾಜು ನಿಲ್ಲಿಸಿ ರಸ್ತೇಲಿ ಕೂರ್ತಾರಲ್ಲ, ಆ ಗಂಡಸರು ಒಂದು ಸಲವಾದ್ರೂ ಹೆಂಡ್ತಿ ವಾಂತಿ ಬಗ್ಗೆ ಕೂತಿದ್ದಾರಾ ಅನ್ನೋದಷ್ಟೇ ನನ್ನ ಪ್ರಶ್ನೆ.

ಡಾಕ್ಟರುಗಳ ಮೇಲೂ ನನಗೆ ಸಿಟ್ಟಿದೆ. ಹೋದ ವರ್ಷ ನಮ್ಮ ಓರಗಿತ್ತಿ ಮೂರು ಸಲ ವಾಂತಿ ಮಾಡ್ಕೊಂಡು ಆಸ್ಪತ್ರೆಗೆ ಹೋದ್ಲು. ಗ್ಯಾಸ್ಟ್ರಿಕ್ ಮಾತ್ರೆ, ಒಂದು ಇಂಜೆಕ್ಷನ್. "ಏನು ಕೆಲಸ ಮಾಡ್ತೀಯಮ್ಮ?" ಅನ್ನೋ ಒಂದು ಮಾತು ಬರಲಿಲ್ಲ. ಬೆರಳೆಲ್ಲ ಕಪ್ಪಗೆ ಅಂಟು ಮೆತ್ಕೊಂಡಿದ್ದ ಕೈಯನ್ನೇ ಹಿಡಿದು ನಾಡಿ ನೋಡಿದ್ರು!

ಕೈಗವಸು ಹಾಕಿದ್ರೆ ಕೆಲಸ ಸಾಗಲ್ಲ ಅಂತಾರೆ ಹೊಲದ ಯಜಮಾನರು. ವಾಂತಿ ಮಾಡ್ಕೊಂಡು ಮಲಗಿದ್ರೆ ಎಷ್ಟು ಸಾಗುತ್ತೆ? ಬಟ್ಟೆ ಗ್ಲೌಸು ಬೇಡ, ಅದು ನೆನೆದು ಇನ್ನೂ ಕೆಡುಕು, ರಬ್ಬರಿಂದೇ ಬೇಕು. ಮಳೆಗೆ ಹಾಕೋ ಪ್ಲಾಸ್ಟಿಕ್ ಕೊಪ್ಪೇನ ಎದೆ, ಕಂಕುಳು ಮುಚ್ಚೋ ಹಾಗೆ ಕಟ್ಟಿ, ಒಳಗೆ ಗಂಡನ ತುಂಬುತೋಳಿನ ಅಂಗಿ. ಇಬ್ಬನಿ ಆರಿದ ಮೇಲೇ ಸಾಲಿಗಿಳೀರಿ. ಹೊಲದ ಬದೀಲಿ ಒಂದು ಬಿಂದಿಗೆ ನೀರು, ಸೋಪು ಇಡಿಸಿ, ಊಟಕ್ಕೆ ಮುಂಚೆ ತೊಳೀರಿ. ನೆನೆದ ಬಟ್ಟೇಲೇ ಒಲೆ ಮುಂದೆ ಕೂರಬೇಡಿ. ಬಸುರಿ, ಬಾಣಂತೀನ ಸೊಪ್ಪು ಮುರಿಯೋಕೆ ಕಳಿಸೋದು ಬೇಡವೇ ಬೇಡ, ಇದನ್ನ ಅತ್ತೇರಿಗೇ ಹೇಳ್ತಿದ್ದೀನಿ. ಮಂಡಳಿಯವರು ಊರಿಗೆ ಬಂದಾಗ ಗೊಬ್ಬರದ ಜೊತೆ ಕೈಗವಸನ್ನೂ ಕೇಳಿ, ಕೂಲಿಯವರ ಲೆಕ್ಕಾನೂ ಸೇರಿಸಿ ಕೇಳಿ.

ತಲೆ ಸುತ್ತಿ ಆಸ್ಪತ್ರೆಗೆ ಹೋಗೋ ಹಾಗಾದ್ರೆ "ಪಿತ್ತ" ಅನ್ನೋ ಮಾತೇ ಎತ್ತಬೇಡಿ. ಹೊಗೆಸೊಪ್ಪು ಮುರಿದು ಬಂದಿದ್ದೀನಿ ಅಂತ ಮೊದಲ ಮಾತಲ್ಲೇ ಹೇಳಿ, ಚೀಟೀಲಿ ಬರೆಸ್ಕೊಂಡೇ ಬನ್ನಿ.