ಮಕ್ಕಳ ಕೈಗೆ ಮೊದಲ ಚಾಕು

ಮಗ ಕಬ್ ಸ್ಕೌಟ್ ಸೇರಿದ ಮನೆಗಳಲ್ಲಿ ಇಂದಲ್ಲ ನಾಳೆ ಈ ಬೇಡಿಕೆ ಬಂದೇ ಬರುತ್ತದೆ: "ಅಪ್ಪಾ, ನನಗೂ ಒಂದು ಚಾಕು ಕೊಡಿಸು, ಮರ ಕೆತ್ತಬೇಕು." ಗದರಿಸಿ ಸುಮ್ಮನಾಗಿಸುವುದು ಸುಲಭ. ಆದರೆ ಹಾಗೆ ಸುಮ್ಮನಾದ ಹುಡುಗ ನಾವಿಲ್ಲದ ಹೊತ್ತಿನಲ್ಲಿ ಅಡಿಗೆಮನೆಯ ಡ್ರಾಯರ್ ಎಳೆಯುತ್ತಾನೆ. ಎದುರಿಗೆ ಕೂರಿಸಿಕೊಂಡು ಕಲಿಸುವುದೇ ಕ್ಷೇಮವೆಂದು ನಮ್ಮ ಎಣಿಕೆ. ನಮ್ಮ ತಾಯಂದಿರು ಈಳಿಗೆ ಮಣೆಯ ಮುಂದೆ ಕೂರಿಸಿ ಹುರುಳಿಕಾಯಿ ಹೆಚ್ಚಲು ಕಲಿಸಲಿಲ್ಲವೇ? ಒಂದೇ ವ್ಯತ್ಯಾಸ: ಅಲ್ಲಿ ಅಲಗು ನಿಂತಿರುತ್ತದೆ, ಕೈ ಆಡುತ್ತದೆ. ಕೆತ್ತನೆಯಲ್ಲಿ ಆಡುವುದು ಅಲಗು.

ನಾಲ್ಕೈದು ವರ್ಷದವರಿಗೆ ಮರ ಬೇಡ, ಸೋಪು ಸಾಕು. ಈ ದೇಶದಲ್ಲಿ ಸೋಪಿನ ಕೆತ್ತನೆ ಹೊಸದೇನಲ್ಲ. ಐವರಿ ಸೋಪಿನ ಕಂಪನಿಯವರು 1924ರಲ್ಲೇ ಅದಕ್ಕೊಂದು ಸ್ಪರ್ಧೆ ಆರಂಭಿಸಿದ್ದರು. ಕಾಗದ ಬಿಚ್ಚಿ ಒಂದು ದಿನ ಗಾಳಿಗಿಟ್ಟು, ಐಸ್‌ಕ್ರೀಮ್ ಕಡ್ಡಿಯಿಂದ ಹೆರೆಯಲು ಕೊಡಿ. ಮೀನು, ಆಮೆ ಸುಲಭವಾಗಿ ಮೂಡುತ್ತವೆ. ಸೋಪಿನ ಕೈಯಲ್ಲಿ ಕಣ್ಣುಜ್ಜಿಕೊಳ್ಳದಂತೆ ನೋಡಿಕೊಂಡರಾಯಿತು.

ಆರೇಳು ವರ್ಷಕ್ಕೆ ತರಕಾರಿಯ ಪೀಲರ್ ಕೊಡಬಹುದು. ಆಗತಾನೇ ಕಡಿದ ವಿಲ್ಲೋ ಕಡ್ಡಿಯ ತೊಗಟೆ ಸಲೀಸಾಗಿ ಸುಲಿದು ಬರುತ್ತದೆ. ಹಿತ್ತಲಲ್ಲಿ ಸಿಕ್ಕ ಕಡ್ಡಿಯೆಲ್ಲ ಆಗದು: ಕ್ಯಾಲಿಫೋರ್ನಿಯದ ರಸ್ತೆಬದಿಯ ಕಣಗಿಲೆ, ಬೇಲಿಗೆ ಬೆಳೆಸುವ ಯೂ, ಎರಡೂ ವಿಷ.

ಚಾಕುವಿನ ಸರದಿ ಎಂಟೊಂಬತ್ತಕ್ಕೆ. ವಯಸ್ಸಿಗಿಂತ ಹೇಳಿದ ಮಾತು ಕೇಳುವ ಸ್ವಭಾವ ಮುಖ್ಯ. ಬೀಗವಿಲ್ಲದ ಮಡಿಚುವ ಚಾಕು ಬೆರಳ ಮೇಲೆಯೇ ಮಡಿಚಿಕೊಳ್ಳಬಹುದು. ಗಿಡ್ಡ ಅಲಗಿನ, ಮಡಿಚದ ಚಾಕು ಒಳ್ಳೆಯದು. ಮೊಂಡು ಚಾಕು ಮಕ್ಕಳಿಗೆ ಕ್ಷೇಮವೆಂಬುದು ತಪ್ಪು. ಅದಕ್ಕೆ ಬಲ ಹೆಚ್ಚು ಬೇಕು, ಬಲ ಹೆಚ್ಚಿದಷ್ಟೂ ಜಾರುತ್ತದೆ. ಹರಿತವಾದದ್ದನ್ನೇ ಕೊಟ್ಟು ಪಕ್ಕದಲ್ಲಿ ಕುಳಿತಿರಿ. ಟೆಲಿವಿಷನ್ ನೋಡುತ್ತ ಅಲ್ಲ! ಮರವೆಂದರೆ ಮೃದುವಾದ ಬಾಸ್‌ವುಡ್. ಕರಕುಶಲ ಸಾಮಗ್ರಿಯ ಅಂಗಡಿಯಲ್ಲಿ ಸಿಗುತ್ತದೆ.

ಕೂರುವ ರೀತಿಯನ್ನು ಮಾತ್ರ ಪಟ್ಟುಹಿಡಿದು ಕಲಿಸಬೇಕು. ಕೆತ್ತುವಾಗ ನಿಲ್ಲುವುದಿಲ್ಲ, ನಡೆಯುವುದಿಲ್ಲ. ಚಾಚಿದ ಕೈಯಳತೆಯೊಳಗೆ ತಂಗಿ ತಮ್ಮಂದಿರು ಬರಕೂಡದು. ಮೊಣಕೈಗಳನ್ನು ಮಂಡಿಯ ಮೇಲೂರಿ, ಕೆಲಸವನ್ನು ಮಂಡಿಯಿಂದ ಆಚೆಗೆ ಹಿಡಿಯಬೇಕು. ತೊಡೆಗಳ ನಡುವೆ ಬೇಡವೇ ಬೇಡ. ತೊಡೆಯ ಒಳಬದಿಯಲ್ಲಿ ದೊಡ್ಡ ರಕ್ತನಾಳವಿದೆ. ಅಲಗು ಮೈಯಿಂದ ದೂರಕ್ಕೆ ಸರಿಯಲಿ, ಸಣ್ಣ ಸಣ್ಣ ಚಕ್ಕೆ ಏಳಲಿ. ಚಾಕು ಕೆಳಗೆ ಬಿದ್ದರೆ ಹಿಡಿಯಹೋಗಬಾರದು, ಬೀಳಲಿ. ಮರ ಹಿಡಿದ ಕೈಗೆ ಕೊಯ್ತ ತಡೆಯುವ ಗ್ಲೌಸ್ ಹಾಕಿಸಿ. ಅದು ಕೊಯ್ತ ತಡೆದೀತು, ಮೊನೆಯ ಚುಚ್ಚನ್ನಲ್ಲ. ಇಪ್ಪತ್ತು ನಿಮಿಷವಾಯಿತೆಂದರೆ ಸಾಕುಮಾಡಿ, ದಣಿದ ಕೈ ಎಡವುತ್ತದೆ.

ಬೆರಳು ಕೊಯ್ದುಕೊಂಡರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿಸಿ. ಅರಿಶಿನದ ಡಬ್ಬಿಗೆ ಓಡಬೇಡಿ. ಹತ್ತು ನಿಮಿಷ ಬಿಡದೆ ಒತ್ತಿದರೂ ರಕ್ತ ನಿಲ್ಲದಿದ್ದರೆ, ಗಾಯ ಬಾಯಿ ಬಿಟ್ಟಿದ್ದರೆ, ವೈದ್ಯರಲ್ಲಿಗೆ ಹೋಗಲೇಬೇಕು.

ಇನ್ನೊಂದು ಮಾತು, ಊರಿನಿಂದ ಹೊಸದಾಗಿ ಬಂದವರಿಗೆ: ಚಾಕು ಅಪ್ಪಿತಪ್ಪಿಯೂ ಶಾಲೆಯ ಚೀಲ ಸೇರಬಾರದು. ಇಲ್ಲಿನ ಶಾಲೆಗಳು ಅದನ್ನು ಆಯುಧವೆಂದೇ ಎಣಿಸುತ್ತವೆ. ಮಗುವನ್ನು ಮನೆಗೆ ಕಳಿಸಿಬಿಡಬಹುದು.

ದೀಪಾವಳಿ ಕೂಟದಲ್ಲಿ ಮಕ್ಕಳ ಕೆತ್ತನೆಗೆಂದು ಒಂದು ಮೇಜು ಬಿಟ್ಟಿರುತ್ತೇವೆ. ಸೋಪಿನ ಆಮೆಯೂ ಬರಲಿ, ಮರದ ಚಮಚವೂ ಬರಲಿ. ಚಾಕು ಮನೆಯಲ್ಲೇ ಇರಲಿ.