ಕೆರೆ ಮಾರಿದವನಿಗೆ ನಮ್ಮ ಓಟಿಲ್ಲ



ಪಂಚಾಯ್ತಿ ಚುನಾವಣೆ ಬಂತೆಂದರೆ ನಮ್ಮ ಕೇರಿಗೆ ನೆಂಟರು ಹೆಚ್ಚಾಗುತ್ತಾರೆ. ಐದು ವರ್ಷ ಕೇರಿಯ ಚರಂಡಿ ದಾಟುವಾಗ ಮೂಗು ಮುಚ್ಚಿಕೊಂಡವರು ಅದೇ ಚರಂಡಿ ಪಕ್ಕ ಕೂತು ಟೀ ಕುಡಿಯುತ್ತಾರೆ. ರಾತ್ರಿ ಬಾಟ್ಲು, ಬೆಳಿಗ್ಗೆ ಸೀರೆ. ಇದೆಲ್ಲ ಹಳೇದು. ಈಚೆಗೆ ಇದರ ಜೊತೆ ಇನ್ನೊಂದು ಸೇರಿಕೊಂಡಿದೆ, ಅದರ ಹೆಸರು ಪರಿಸರ. ಜೂನ್ 5ರಂದು ಶಾಲೆ ಮುಂದೆ ಒಂದು ಗುಂಡಿ, ಒಂದು ಹೊಂಗೆ ಸಸಿ, ಅದನ್ನು ಹಿಡಿದ ಏಳೆಂಟು ಕೈ, ಒಂದು ಫೋಟೋ. ಮರುವರ್ಷ ಅದೇ ಗುಂಡಿಗೆ ಇನ್ನೊಂದು ಸಸಿ. ಗುಂಡಿ ತೋಡೋರು ಯಾರು ಅಂತ ಹೇಳಬೇಕಾಗಿಲ್ಲ.

ನಾವು ಕೋಲಾರದ ಕಡೆಯವರು. ವರ್ಷವಿಡೀ ಹರಿಯುವ ಒಂದು ಹೊಳೆಯಿಲ್ಲದ ಸೀಮೆ ನಮ್ಮದು. ಕೆರೆ ತುಂಬಿದರೆ ಊರಿಗೆ ಅನ್ನ. ಆ ಕೆರೆಯ ತೂಬು ಎತ್ತುತ್ತಿದ್ದವನು ನೀರುಗಂಟಿ, ನಮ್ಮ ಕೇರಿಯವನು. ನಮ್ಮ ತಾತ ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಮಳೆ ಕೈಕೊಟ್ಟರೆ ಕೊನೇ ಗದ್ದೆಗೆ ಹೇಗೆ ಮುಟ್ಟಿಸೋದು, ಏರಿಯಲ್ಲಿ ಎಲ್ಲಿ ಹೆಗ್ಗಣ ಬಿಲ ತೋಡಿದೆ, ಯಾವ ಮಳೆಗೆ ಕೋಡಿ ಹೋಗ್ತದೆ, ಎಲ್ಲಾ ಅವರ ಕಾಲಿಗೆ ಗೊತ್ತಿತ್ತು. ಕೊಯ್ಲಿನಲ್ಲಿ ಒಂದಿಷ್ಟು ಹೊರೆ ಸಿಗ್ತಿತ್ತು. ಊರ ಬಾವೀಲಿ ಮಾತ್ರ ಒಂದು ಕೊಡ ಸೇದೋ ಹಾಗಿರಲಿಲ್ಲ. ಊರಿಗೆಲ್ಲ ನೀರು ಹಂಚಿದ ಕೈ ಬೊಗಸೆಯೊಡ್ಡಿ ನಿಲ್ಲಬೇಕಾಗಿತ್ತು, ಮೇಲಿಂದ ಹುಯ್ತಿದ್ದರು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಯ ನೀರು ಕುಡಿದಾಗ ಎತ್ತಿದ್ದು ಇದೇ ಪ್ರಶ್ನೆ, ಕೆರೆ ಯಾರದು? ನಮ್ಮ ಪರಿಸರ ಚಳವಳಿ ಶುರುವಾಗೋದು ಆ ಬೊಗಸೆಯಿಂದ.

ಗಿಡ ನೆಟ್ಟೋರೆಲ್ಲ ಪರಿಸರ ಉಳಿಸೋರು ಅನ್ನೋದಾದರೆ ನಮ್ಮ ಜಿಲ್ಲೆ ಈಗ ಮಲೆನಾಡಾಗಬೇಕಿತ್ತು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಸಾಮಾಜಿಕ ಅರಣ್ಯ ಬಂತು, ರಾಗಿ ಹೊಲಕ್ಕೆ ನೀಲಗಿರಿ ಬಿತ್ತು. ರಾಗಿಗೆ ಉಳೋರು ಬೇಕು, ಕಳೆ ಕೀಳೋರು ಬೇಕು, ಕುಯ್ಯೋರು, ಬಡಿಯೋರು ಬೇಕು. ನೀಲಗಿರಿಗೆ ಕಡಿಯೋ ದಿನದವರೆಗೂ ಯಾರೂ ಬೇಡ. ಜಮೀನಿನವರು ಮರ ನೆಟ್ಟು ಪಟ್ಟಣ ಸೇರಿದರು. ನಮ್ಮ ಹೆಂಗಸರ ಕೂಲಿ ಹೋಯ್ತು, ದನದ ಹುಲ್ಲು ಹೋಯ್ತು. 1983ರಲ್ಲಿ ರೈತಸಂಘದವರು ತುಮಕೂರು ಕಡೆ ನರ್ಸರಿಗಳಿಗೆ ನುಗ್ಗಿ ಆ ಸಸಿಗಳನ್ನು ಕಿತ್ತರು. 1987ರ ನವೆಂಬರ್ 14ರಂದು ಧಾರವಾಡ ಸೀಮೆಯ ಕುಸನೂರಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಹಳ್ಳಿ ಜನದ ಹುಲ್ಲುಗಾವಲನ್ನು ಕಾರ್ಖಾನೆಯ ತಿರುಳಿಗೆಂದು ಕೊಟ್ಟಿದ್ದರು, ಜನ ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. ಹೊಸದಾಗಿ ನೀಲಗಿರಿ ನೆಡಬಾರದು ಅನ್ನೋ ಬುದ್ಧಿ ಸರ್ಕಾರಕ್ಕೆ ಬಂದದ್ದು 2017ರಲ್ಲಿ.

ಪಂಚಾಯ್ತಿ ಕೈಲಿ ಏನಿದೆ ಬಿಡ್ರಪ್ಪ ಅನ್ನೋ ಮೇಷ್ಟ್ರುಗಳಿದ್ದಾರೆ. ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳನ್ನು ಅವರೇ ಒಮ್ಮೆ ಓದಲಿ. ಸಣ್ಣ ನೀರಾವರಿ, ಕುಡಿಯುವ ನೀರು, ಸಾಮಾಜಿಕ ಅರಣ್ಯ, ಸೌದೆ, ಮೇವು ಎಲ್ಲಾ ಅಲ್ಲಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯ್ತಿಗೂ ಒಂದು ಸಮಿತಿ ಇರಬೇಕು. ನಮ್ಮಲ್ಲಿ ಯಾರಿದ್ದಾರೆ ಅಂತ ಕೇಳಿದೆವು. ಹುಡುಕಿ ತೆಗೆದ ಪುಸ್ತಕದಲ್ಲಿ ಸತ್ತವರ ಹೆಸರೂ ಇತ್ತು. ಏನೂ ಇಲ್ಲದ ಕುರ್ಚಿಯಾಗಿದ್ದರೆ 2020ರ ಡಿಸೆಂಬರ್ ಚುನಾವಣೆಯಲ್ಲಿ ಅಷ್ಟೊಂದು ಹಳ್ಳಿಗಳಲ್ಲಿ ಸ್ಥಾನಗಳು ಹರಾಜಾದ ಸುದ್ದಿ ಬರುತ್ತಿತ್ತೆ? ಲಕ್ಷ ಲಕ್ಷ ಕೂಗಿದವನು ಅದನ್ನು ಎಲ್ಲಿಂದ ತೆಗೀತಾನೆ? ಕೆರೆ ಅಂಗಳದಿಂದ, ಗುಂಡುತೋಪಿನಿಂದ, ಬಂಡೆಯಿಂದ.

ಇನ್ನು ಕಹಿ ಮಾತು. ನಮ್ಮ ಕೇರಿಯ ಮೀಸಲು ಸ್ಥಾನದಲ್ಲಿ ಗೆದ್ದವನು ನಮ್ಮ ಜೊತೆ ಹಾಸ್ಟೆಲ್ಲಿನಲ್ಲಿ ಒಂದೇ ಚಾಪೆಯಲ್ಲಿ ಮಲಗಿದವನು, ನೀಲಿ ಬಾವುಟ ಹಿಡಿದವನು. ಗೆದ್ದು ವರ್ಷ ತುಂಬೋದರೊಳಗೆ ಕೆರೆ ಅಂಗಳದಲ್ಲಿ ಫಿಲ್ಟರ್ ಮರಳು ಶುರುವಾಯ್ತು. ಕೆರೆ ಮಣ್ಣನ್ನು ನೀರಲ್ಲಿ ತೊಳೆದು ಮರಳು ಮಾಡಿ ಬೆಂಗಳೂರಿನ ಮಹಡಿಗಳಿಗೆ ಕಳಿಸೋದು. ಟ್ರಾಕ್ಟರು ಗೌಡರದು, ಲೋಡಿಗಿಷ್ಟು ಅಂತ ಇವನದು. ಈಗ ಅಂಗಳದ ತುಂಬಾ ಆಳುದ್ದ ಗುಂಡಿ. ಮಳೆ ಬಿದ್ದರೆ ನೀರು ಗುಂಡಿಯಲ್ಲೇ ನಿಲ್ಲುತ್ತದೆ, ತೂಬಿಗೆ ಏರೋದಿಲ್ಲ. ಕೇಳಿದ್ದಕ್ಕೆ, ‘ಇಷ್ಟು ದಿನ ಅವ್ರು ತಿಂದ್ರಲ್ಲಣ್ಣ, ನಾವೂ ಎರಡು ಕಾಸು ನೋಡಬ್ಯಾಡ್ವಾ?’ ಅಂದ.

ಅವತ್ತು ನಮ್ಮ ಹತ್ತಿರ ಜವಾಬಿರಲಿಲ್ಲ. ಈಗ ಇದೆ. ಅವರು ತಿಂದದ್ದು ನಮ್ಮ ಪಾಲು, ನೀನು ತಿಂತಿರೋದೂ ನಮ್ಮ ಪಾಲೇ ಕಣಪ್ಪ. ಕೆರೆ ಬತ್ತಿದರೆ ಗೌಡರು ಸಾವಿರ ಅಡಿ ಬೋರು ಕೊರೆಸ್ತಾರೆ. ನಿಮ್ಮಮ್ಮ, ನಮ್ಮಮ್ಮ ಕೊಡ ಇಟ್ಟುಕೊಂಡು ಟ್ಯಾಂಕರಿಗೆ ಕಾಯ್ತಾರೆ. ಪಾತಾಳದ ನೀರಿನ ಫ್ಲೋರೈಡಿಗೆ ಮೊದಲು ಹಲ್ಲು ಕಂದೋದು, ಮಂಡಿ ಸೊಟ್ಟಗಾಗೋದು ಫಿಲ್ಟರ್ ನೀರು ಕೊಳ್ಳಲಾರದ ಮನೆಯ ಮಕ್ಕಳದು. ನಮ್ಮವನು ಅನ್ನೋ ಒಂದೇ ಕಾರಣಕ್ಕೆ ಇಂಥವನಿಗೆ ಇನ್ನೊಂದು ಸಲ ಓಟು ಹಾಕಿದರೆ ತಾತನ ತೂಬಿಗೆ ನಾವೇ ಮಣ್ಣು ಹಾಕಿದಂತೆ.

ಮರಳು, ಕ್ರಷರು ನಿಂತರೆ ಕೂಲಿ ಎಲ್ಲಿ ಅಂತ ಕೇಳುವ ಅಣ್ಣಂದಿರಿದ್ದಾರೆ. ಅವರ ಪ್ರಶ್ನೆ ಸುಳ್ಳಲ್ಲ. ಪಟ್ಟಣದ ಪರಿಸರವಾದಿಗಳು ಇದಕ್ಕೆ ಬಾಯಿ ಬಿಡೋದಿಲ್ಲ, ಅವರ ಕಣ್ಣಿಗೆ ಕಾಡು ಹಾಳು ಮಾಡೋರು ಅಂದ್ರೆ ಸೌದೆ ಹೊರುವ ಹೆಂಗಸು, ಮೇಕೆ ಹುಡುಗ. ಆದರೆ ಹೂಳೆತ್ತೋದು, ಏರಿಗೆ ಮಣ್ಣು ಹಾಕೋದು, ಕಾಲುವೆ ತೆಗೆಯೋದು ಕೂಡ ಕೂಲಿಯೇ. 2005ರಲ್ಲಿ ಉದ್ಯೋಗ ಖಾತ್ರಿ ಕಾಯ್ದೆ ಬಂದಾಗ ಈ ಕೆಲಸವೆಲ್ಲ ಅದರಲ್ಲಿತ್ತು. ನಮ್ಮೂರಲ್ಲಿ ರಾತ್ರಿ ಜೆಸಿಬಿ ಕೆರೆಗಿಳಿಯಿತು, ಹಗಲು ಹಾಜರಿಪಟ್ಟಿಗೆ ನಮ್ಮ ಹೆಸರು ಬಂತು. ಆಗ ಬಾಯಿ ಮುಚ್ಚಿಕೊಂಡಿದ್ದ ಮೆಂಬರುಗಳು ಯಾರು ಯಾರು ಅಂತ ಬರೆದಿಟ್ಟಿದ್ದೇವೆ.

ಗೋಮಾಳ ಉಳಿಸ್ತೀನಿ ಅಂತ ಬರುವವನನ್ನೂ ಸುಮ್ಮನೆ ನಂಬಬೇಡಿ. ಯಾರ ಕೈಯಿಂದ ಉಳಿಸ್ತೀಯಪ್ಪ ಅಂತ ಕೇಳಿ. ಊರಿನ ಸಾಮೂಹಿಕ ಭೂಮಿಯ ಒತ್ತುವರಿ ತೆರವು ಮಾಡಿ ಅಂತ 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಭೂಮಿಯಿಲ್ಲದ ಕೂಲಿಗಳಿಗೆ, ಪರಿಶಿಷ್ಟರಿಗೆ ಸರ್ಕಾರವೇ ಕೊಟ್ಟ ಜಾಗಕ್ಕೆ ಅದೇ ತೀರ್ಪಿನಲ್ಲಿ ವಿನಾಯಿತಿಯೂ ಇದೆ. ಗುಡಿಸಲು ಕೀಳೋಕೆ ಬರುವವರು ಮೊದಲ ಸಾಲು ಮಾತ್ರ ಓದಿಕೊಂಡು ಬರುತ್ತಾರೆ, ಬೇಲಿ ಹಾಕಿದ ತೋಟದ ಮುಂದೆ ಆ ಸಾಲೂ ಮರೆತುಹೋಗುತ್ತದೆ.

ನಮ್ಮ ಕೇರಿಯಲ್ಲಿ ಆ ಮರಳಿನ ಟ್ರಾಕ್ಟರಿಗೆ ಅಡ್ಡ ನಿಂತವಳು ಒಬ್ಬಳೇ. ಮೇಕೆ ಕಾಯುವ ಹೆಂಗಸು, ಹೆಬ್ಬೆಟ್ಟು. ‘ನೀವೆಲ್ಲ ಓದ್ಕೊಂಡೋರು ಸುಮ್ಕಿದ್ರೆ ನಾನೇ ನಿಂತ್ಕೊತೀನಿ ಎಲೆಕ್ಷನ್ಗೆ’ ಅಂದಾಗ ನಕ್ಕವರಲ್ಲಿ ಡಿಗ್ರಿ ಪಡೆದ ನಾವೂ ಇದ್ದೆವು. ಅವಳ ನಾಮಪತ್ರ ತುಂಬುವ ಕೆಲಸ ಈಗ ನಾವು ಒಪ್ಪಿಕೊಂಡಿದ್ದೇವೆ. ಓಟು ಕೇಳಲು ಬಂದವರನ್ನೆಲ್ಲ ಅವಳೇ ಏರಿ ಮೇಲೆ ಕರೆದುಕೊಂಡು ಹೋಗಿ ಗುಂಡಿ ಎಣಿಸುತ್ತಾಳಂತೆ. ಮೇಷ್ಟ್ರುಗಳು, ಹಾಸ್ಟೆಲ್ ಹುಡುಗರು ಯಾರಾದರೂ ಬರೋದಿದ್ದರೆ ಬನ್ನಿ. ಹುಷಾರಾಗಿ ಬನ್ನಿ, ಏರಿ ಎರಡು ಕಡೆ ಕುಸಿದಿದೆ.